ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೋಗುವುದು ಹೇಗೆ? ಮಾಂಟ್ಗೊಮರಿಯ 381 ದಿನಗಳು

ಎಲ್ಲರಿಗೂ ನಮಸ್ಕಾರ. ರೋಸಾ ಪಾರ್ಕ್ಸ್ ಹೆಸರು ಕೇಳದವರು ಇಲ್ಲಿ ಕಡಿಮೆ ಅಂದುಕೊಂಡಿದ್ದೇನೆ. ಬಟ್ಟೆ ಹೊಲಿಯುವ ಒಬ್ಬ ಹೆಂಗಸು ಒಂದು ಸಂಜೆ ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡಲಿಲ್ಲ. ಮಾರ್ಟಿನ್ ಲೂಥರ್ ಕಿಂಗ್ ಭಾಷಣ ಮಾಡಿದರು. ಕಾನೂನು ಬದಲಾಯಿತು. ಕತೆ ಮೂರು ಸಾಲಿನಲ್ಲಿ ಮುಗಿದುಹೋಗುತ್ತದೆ.

ಆದರೆ ಮೊದಲ ಸಾಲಿಗೂ ಮೂರನೆಯ ಸಾಲಿಗೂ ನಡುವೆ 381 ದಿನ ಇದೆ. ಅಮೆರಿಕದ ದಕ್ಷಿಣದ ಅಲಬಾಮ ರಾಜ್ಯದ ರಾಜಧಾನಿ ಮಾಂಟ್ಗೊಮರಿ. ಅಲ್ಲಿನ ಕಪ್ಪು ಜನ 1955ರ ಡಿಸೆಂಬರ್ 5ರಿಂದ ಒಂದು ವರ್ಷಕ್ಕಿಂತ ಜಾಸ್ತಿ ಕಾಲ ಬಸ್ಸು ಹತ್ತಲಿಲ್ಲ. ಸ್ವಂತ ಕಾರು ಇದ್ದವರು ಬಹಳ ಕಡಿಮೆ. ಹೆಂಗಸರಲ್ಲಿ ಎಷ್ಟೋ ಜನ ಊರಿನ ಇನ್ನೊಂದು ತುದಿಯಲ್ಲಿ, ಬಿಳಿಯರ ಮನೆಗಳಲ್ಲಿ ಅಡುಗೆಗೂ ಮನೆಗೆಲಸಕ್ಕೂ ಹೋಗುತ್ತಿದ್ದವರು. ಒಂದು ದಿನ ತಪ್ಪಿಸಿದರೆ ಆ ದಿನದ ಕೂಲಿ ಹೋಯಿತು. ಹಾಗಿದ್ದರೆ ಇವರೆಲ್ಲ ಕೆಲಸಕ್ಕೆ ಹೋಗಿದ್ದು ಹೇಗೆ? ಇವತ್ತು ಈ ಒಂದು ಪ್ರಶ್ನೆಯ ಹಿಂದೆ ಹೋಗೋಣ ಅಂತಿದ್ದೇನೆ. ನನಗೆ ಈ ಚಳವಳಿಯ ಗುಟ್ಟೆಲ್ಲ ಇರುವುದು ಅಲ್ಲೇ ಅನಿಸುತ್ತದೆ.

ಮೊದಲು ಬಸ್ಸಿನೊಳಗೆ ಹೋಗೋಣ. ಒಟ್ಟು 36 ಸೀಟು. ಮುಂದಿನ 10 ಬಿಳಿಯರಿಗೆ. ಒಬ್ಬ ಬಿಳಿಯನೂ ಹತ್ತದಿದ್ದರೂ ಅವು ಖಾಲಿಯೇ ಹೋಗಬೇಕು, ಹಿಂದೆ ಕಪ್ಪು ಜನ ಒತ್ತೊತ್ತಾಗಿ ನಿಂತಿದ್ದರೂ ಸರಿ. ನಮ್ಮ ಬಸ್ಸುಗಳಲ್ಲಿ ಮಹಿಳೆಯರ ಸೀಟು ಅಂತ ಬರೆದಿರುತ್ತಾರಲ್ಲ, ಅದು ಬರೆದ ಜಾಗದಲ್ಲೇ ಇರುತ್ತದೆ. ಅಲ್ಲಿ ಹಾಗಲ್ಲ, ಗೆರೆ ಹಿಂದೆ ಹಿಂದೆ ಸರಿಯುತ್ತಿತ್ತು. ಮುಂದಿನ ಸೀಟು ತುಂಬಿ ಒಬ್ಬ ಬಿಳಿಯ ನಿಂತರೆ ಸಾಕು, ನಡುವಿನ ಒಂದು ಇಡೀ ಸಾಲು ಏಳಬೇಕು. ಆತ ಕೂರುವುದು ಒಂದೇ ಸೀಟಿನಲ್ಲಿ. ಆದರೆ ಅದೇ ಸಾಲಿನಲ್ಲಿ ಅವನ ಜೊತೆ ಕಪ್ಪು ಜನ ಕೂರುವಂತಿಲ್ಲ.

ಇನ್ನೊಂದು ಪದ್ಧತಿ ಇತ್ತು. ಮುಂದಿನ ಬಾಗಿಲಲ್ಲಿ ಹತ್ತಿ, ಡ್ರೈವರ್ ಹತ್ತಿರ ದುಡ್ಡು ಹಾಕಿ, ಮತ್ತೆ ಕೆಳಗಿಳಿದು, ಹಿಂದಿನ ಬಾಗಿಲಿಗೆ ನಡೆದುಕೊಂಡು ಹೋಗಿ ಹತ್ತಬೇಕು. ಎಷ್ಟೋ ಸಲ ಹಿಂದಿನ ಬಾಗಿಲು ತಲುಪುವಷ್ಟರಲ್ಲಿ ಬಸ್ಸು ಹೊರಟುಹೋಗುತ್ತಿತ್ತು. ದುಡ್ಡೂ ಹೋಯಿತು, ಬಸ್ಸೂ ಹೋಯಿತು. ಡ್ರೈವರುಗಳೆಲ್ಲ ಬಿಳಿಯರು. ಸೀಟಿನ ವಿಷಯದಲ್ಲಿ ಅವರಿಗೆ ಪೊಲೀಸರ ಅಧಿಕಾರವನ್ನು ಊರಿನ ಕಾನೂನೇ ಕೊಟ್ಟಿತ್ತು.

ಇದರ ಬಗ್ಗೆ ಜನ ಅಲ್ಲಿಯವರೆಗೂ ಸುಮ್ನೆ ಇದ್ದರು ಅಂತಲ್ಲ. 1900ರಲ್ಲಿ ಇದೇ ಊರಿನ ಟ್ರಾಮಿಗೆ ಇಂಥದೇ ನಿಯಮ ಬಂದಾಗ ಅವರ ಅಜ್ಜ ಅಜ್ಜಿಯರು ಟ್ರಾಮ್ ಹತ್ತುವುದನ್ನು ಬಿಟ್ಟಿದ್ದರು. 1955ರ ಮಾರ್ಚ್ 2ರಂದು ಕ್ಲಾಡೆಟ್ ಕಾಲ್ವಿನ್ ಅನ್ನುವ 15 ವರ್ಷದ ಹುಡುಗಿ ಸೀಟಿನಿಂದ ಏಳಲಿಲ್ಲ. ಪೊಲೀಸರು ಎಳೆದುಕೊಂಡು ಹೋದರು. ಅಕ್ಟೋಬರಿನಲ್ಲಿ 18 ವರ್ಷದ ಮೇರಿ ಲೂಯಿಸ್ ಸ್ಮಿತ್. ಅದಾದ ಮೇಲೆ ಡಿಸೆಂಬರ್ 1ರ ಗುರುವಾರ, 42 ವರ್ಷದ ರೋಸಾ ಪಾರ್ಕ್ಸ್. ಆಕೆ ಸುಮ್ನೆ ದಣಿದು ಕೂತವರಲ್ಲ. ನೀಗ್ರೋಗಳ ಹಕ್ಕಿಗಾಗಿ ಹೋರಾಡುತ್ತಿದ್ದ ಎನ್‌ಎಎಸಿಪಿ ಸಂಘಟನೆಯ ಸ್ಥಳೀಯ ಶಾಖೆಗೆ 1943ರಲ್ಲೇ ಕಾರ್ಯದರ್ಶಿ ಆದವರು. ಆ ಬೇಸಿಗೆಯಲ್ಲಷ್ಟೇ ಟೆನೆಸಿಯ ಹೈಲ್ಯಾಂಡರ್ ಶಾಲೆಗೆ ಹೋಗಿ ಚಳವಳಿ ಕಟ್ಟುವ ತರಬೇತಿ ಪಡೆದಿದ್ದರು. ಅಂದಿನ ಡ್ರೈವರ್ ಜೇಮ್ಸ್ ಬ್ಲೇಕ್ 1943ರಲ್ಲೇ ಒಮ್ಮೆ ಆಕೆಯನ್ನು ಬಸ್ಸಿನಿಂದ ಇಳಿಸಿದ್ದ. ಅದೇ ಮನುಷ್ಯ, ಹನ್ನೆರಡು ವರ್ಷದ ಮೇಲೆ.

ಈಗ ಅಂದಿನ ರಾತ್ರಿಗೆ ಬರೋಣ. ನನ್ನ ಮಟ್ಟಿಗೆ ಕತೆ ಶುರುವಾಗುವುದು ಇಲ್ಲಿ.

ಅಲಬಾಮ ಸ್ಟೇಟ್ ಕಾಲೇಜಿನಲ್ಲಿ ಜೋ ಆನ್ ರಾಬಿನ್ಸನ್ ಅನ್ನುವ ಇಂಗ್ಲಿಷ್ ಮೇಷ್ಟ್ರು ಇದ್ದರು. ಹೆಂಗಸಿಗೆ ಮೇಷ್ಟ್ರು ಅನ್ನಬಹುದು ತಾನೇ? 1949ರಲ್ಲಿ ಗೊತ್ತಿಲ್ಲದೆ ಮುಂದಿನ ಸೀಟಿನಲ್ಲಿ ಕೂತಿದ್ದಕ್ಕೆ ಡ್ರೈವರ್ ಆಕೆಯ ಮೇಲೆ ಕೂಗಾಡಿದ್ದ. ಅಳುತ್ತಾ ಇಳಿದು ಬಂದಿದ್ದರು. ಆಮೇಲೆ ಆ ಊರಿನ ವಿಮೆನ್ಸ್ ಪೊಲಿಟಿಕಲ್ ಕೌನ್ಸಿಲ್ ಅನ್ನುವ ಕಪ್ಪು ಹೆಂಗಸರ ಸಂಘದ ಅಧ್ಯಕ್ಷೆಯಾದರು. 1954ರ ಮೇ 21ರಂದು ಮೇಯರ್ ಗೇಲ್‌ಗೆ ಒಂದು ಪತ್ರ ಬರೆದರು. ಬಹಳ ಮರ್ಯಾದೆಯ ಪತ್ರ. ಬಸ್ಸಿನಲ್ಲಿ ಓಡಾಡುವವರಲ್ಲಿ ಮುಕ್ಕಾಲು ಪಾಲು ನಾವು, ನಾವು ಹತ್ತದಿದ್ದರೆ ಬಸ್ಸು ನಡೆಯುವುದಿಲ್ಲ, ಬಹಿಷ್ಕಾರದ ಮಾತು ಈಗಾಗಲೇ ನಡೆಯುತ್ತಿದೆ ಅಂತ ಅದರಲ್ಲಿ ಇತ್ತು. ಪಾರ್ಕ್ಸ್ ಬಂಧನಕ್ಕಿಂತ ಒಂದೂವರೆ ವರ್ಷ ಮೊದಲು ಇದು. ಅಂದರೆ ಒಲೆ ಹೂಡಿ ಆಗಿತ್ತು, ಬೆಂಕಿ ಹಚ್ಚುವುದು ಬಾಕಿ ಇತ್ತು.

ಗುರುವಾರ ರಾತ್ರಿ ಬಂಧನದ ಸುದ್ದಿ ಕೇಳಿದ ರಾಬಿನ್ಸನ್ ಕಾಲೇಜಿಗೆ ಹೋದರು. ಒಬ್ಬ ಸಹೋದ್ಯೋಗಿ, ಇಬ್ಬರು ವಿದ್ಯಾರ್ಥಿಗಳು ಜೊತೆಗೆ. ನಮ್ಮ ಕಡೆ ಸೈಕ್ಲೋಸ್ಟೈಲ್ ಅನ್ನುತ್ತಿದ್ದರಲ್ಲ, ಅಂಥ ಯಂತ್ರದಲ್ಲಿ ರಾತ್ರಿಯಿಡೀ ಕರಪತ್ರ ತೆಗೆದರು. ಒಂದು ಹಾಳೆಗೆ ಮೂರು ಕರಪತ್ರ, ಆಮೇಲೆ ಕತ್ತರಿಸುವುದು. ಹತ್ತಾರು ಸಾವಿರ ಪ್ರತಿ. ಕಾಲೇಜು ಸರ್ಕಾರದ್ದು, ಕಾಗದ ಸರ್ಕಾರದ್ದು, ಸಿಕ್ಕಿಬಿದ್ದರೆ ಕೆಲಸ ಹೋಗುತ್ತಿತ್ತು. ಬೆಳಿಗ್ಗೆ ಪಾಠ ಮುಗಿಸಿ ಹಂಚಲು ಹೊರಟರು. ಶಾಲೆ, ಅಂಗಡಿ, ಕ್ಷೌರದ ಅಂಗಡಿ, ಬಾರು, ಎಲ್ಲ ಕಡೆ. ಸೋಮವಾರ ಒಂದು ದಿನ ಬಸ್ಸು ಹತ್ತಬೇಡಿ, ಮುಂದಿನ ಸಲ ನೀವೇ ಇರಬಹುದು, ನಿಮ್ಮ ಮಗಳಿರಬಹುದು, ತಾಯಿ ಇರಬಹುದು ಅಂತ ಬರೆದಿತ್ತು. ಒಂದು ವಿಚಿತ್ರ ಏನೆಂದರೆ ಆ ಕರಪತ್ರದಲ್ಲಿ ರೋಸಾ ಪಾರ್ಕ್ಸ್ ಹೆಸರಿಲ್ಲ. ಕ್ಲಾಡೆಟ್ ಕಾಲ್ವಿನ್ ಹೆಸರಿದೆ!

ಶುಕ್ರವಾರ ಬೆಳಕು ಹರಿಯುವ ಹೊತ್ತಿಗೆ ಪಾದ್ರಿಗಳಿಗೆ ಇನ್ನೂ ವಿಷಯ ಸರಿಯಾಗಿ ತಲುಪಿರಲಿಲ್ಲ. ಅವರನ್ನು ಸೇರಿಸಿದ್ದು ಇ.ಡಿ. ನಿಕ್ಸನ್. ರೈಲಿನ ಸ್ಲೀಪರ್ ಬೋಗಿಗಳಲ್ಲಿ ಪೋರ್ಟರ್ ಆಗಿದ್ದವರು, ಗಟ್ಟಿ ಕಾರ್ಮಿಕ ನಾಯಕ, ಪಾರ್ಕ್ಸ್‌ಗೆ ಜಾಮೀನು ಕೊಟ್ಟವರು. ಒಬ್ಬ ಪತ್ರಕರ್ತನಿಗೆ ಅವರೇ ಸುದ್ದಿ ದಾಟಿಸಿದರು. ಭಾನುವಾರ ಬಿಳಿಯರ ಪತ್ರಿಕೆಯ ಮುಖಪುಟದಲ್ಲೇ ಕರಪತ್ರದ ಸುದ್ದಿ ಬಂತು. ಕರಪತ್ರ ಸಿಗದವರಿಗೂ ಹೀಗೆ ವಿಷಯ ತಲುಪಿತು. ಪೊಲೀಸರೂ ತಮ್ಮ ಕೈಲಾದ ಸಹಾಯ ಮಾಡಿದರು. ಬಸ್ಸು ಹತ್ತುವವರಿಗೆ ಗೂಂಡಾಗಳಿಂದ ರಕ್ಷಣೆ ಕೊಡುತ್ತೇವೆ ಅಂತ ಸೋಮವಾರ ಬಸ್ಸುಗಳ ಹಿಂದೆ ಮೋಟರ್‌ಸೈಕಲ್ ಬಿಟ್ಟರು. ಪೊಲೀಸರನ್ನು ನೋಡಿ, ಹತ್ತೋಣವೋ ಬೇಡವೋ ಅಂತಿದ್ದವರೂ ಹಿಂದೆ ಸರಿದರು.

ಸೋಮವಾರ ಬಸ್ಸುಗಳು ಹೆಚ್ಚುಕಡಿಮೆ ಖಾಲಿ ಓಡಿದವು. ಅದೇ ದಿನ ಪಾರ್ಕ್ಸ್‌ಗೆ ಕೋರ್ಟಿನಲ್ಲಿ 10 ಡಾಲರ್ ದಂಡ, 4 ಡಾಲರ್ ಕೋರ್ಟ್ ಖರ್ಚು. ಮಧ್ಯಾಹ್ನ ಮಾಂಟ್ಗೊಮರಿ ಇಂಪ್ರೂವ್‌ಮೆಂಟ್ ಅಸೋಸಿಯೇಷನ್ ಅಂತ ಒಂದು ಸಂಘ ಹುಟ್ಟಿತು. ಊರಿಗೆ ಹೊಸಬನಾದ, ಇನ್ನೂ ಯಾರ ಗುಂಪಿಗೂ ಸೇರದ 26 ವರ್ಷದ ಪಾದ್ರಿ ಕಿಂಗ್ ಅಧ್ಯಕ್ಷ. ರಾತ್ರಿ ಹೋಲ್ಟ್ ಸ್ಟ್ರೀಟ್ ಚರ್ಚಿನಲ್ಲಿ ಸಭೆ. ಚರ್ಚು ತುಂಬಿ ಜನ ಹೊರಗೆ ಬೀದಿಯಲ್ಲಿ ನಿಂತಿದ್ದರು. ಮುಂದುವರಿಸೋಣ ಅಂತ ತೀರ್ಮಾನ ಆಯಿತು.

ಅವರು ಕೇಳಿದ್ದೇನು ಗೊತ್ತಾ? ಇದನ್ನು ಮೊದಲ ಸಲ ಓದಿದಾಗ ನನಗೆ ಆಶ್ಚರ್ಯವಾಯಿತು. ಡ್ರೈವರುಗಳು ಮರ್ಯಾದೆಯಿಂದ ಮಾತಾಡಲಿ. ಕಪ್ಪು ಜನರೇ ಜಾಸ್ತಿ ಇರುವ ರೂಟುಗಳಿಗೆ ಕಪ್ಪು ಡ್ರೈವರುಗಳನ್ನು ತೆಗೆದುಕೊಳ್ಳಿ. ಮತ್ತೆ, ನಾವು ಹಿಂದಿನಿಂದ ಕೂರುತ್ತಾ ಬರುತ್ತೇವೆ, ಬಿಳಿಯರು ಮುಂದಿನಿಂದ ಕೂರಲಿ, ಕೂತವರನ್ನು ಏಳಿಸಬೇಡಿ. ಇಷ್ಟೇ. ಬೇರೆ ಬೇರೆ ಕೂರಿಸುವುದನ್ನೇ ನಿಲ್ಲಿಸಿ ಅಂತ ಕೇಳಿರಲಿಲ್ಲ! ಅದೇ ರಾಜ್ಯದ ಮೊಬೀಲ್ ಊರಿನಲ್ಲಿ ಇಂಥ ಪದ್ಧತಿ ಆಗಲೇ ಇತ್ತು. ಮೇಯರ್ ಒಂದು ವಾರದಲ್ಲಿ ಒಪ್ಪಿಬಿಟ್ಟಿದ್ದರೆ ನಾವು ಇವತ್ತು ಇದರ ಬಗ್ಗೆ ಮಾತಾಡುತ್ತಲೇ ಇರಲಿಲ್ಲವೇನೋ. ಅವರ ಹಟವೇ ಬೇಡಿಕೆಯನ್ನು ದೊಡ್ಡದು ಮಾಡಿತು.

ಸರಿ, ಮಂಗಳವಾರ ಬೆಳಿಗ್ಗೆ ಕೆಲಸಕ್ಕೆ ಹೋಗುವುದು ಹೇಗೆ?

ಮೊದಲು ಟ್ಯಾಕ್ಸಿ. ಕಪ್ಪು ಜನರ ಟ್ಯಾಕ್ಸಿಯವರು ಬಸ್ಸಿನ ದರಕ್ಕೇ, 10 ಸೆಂಟಿಗೇ ಕರೆದುಕೊಂಡು ಹೋಗಲು ಒಪ್ಪಿದರು. ಕೆಲವೇ ದಿನಗಳಲ್ಲಿ ಊರಿನ ಆಡಳಿತ ಹಳೆಯ ಕಾನೂನೊಂದನ್ನು ಎತ್ತಿಕೊಂಡು ಬಂತು. ಟ್ಯಾಕ್ಸಿಯ ಕನಿಷ್ಠ ದರ 45 ಸೆಂಟ್, ಕಡಿಮೆ ತೆಗೆದುಕೊಂಡರೆ ಕೇಸು. ಆಗ ಕಿಂಗ್ ಲೂಸಿಯಾನದ ಬ್ಯಾಟನ್ ರೂಜ್ ಊರಿನ ಪಾದ್ರಿ ಟಿ.ಜೆ. ಜೆಮಿಸನ್‌ಗೆ ಫೋನ್ ಮಾಡಿದರು. ಅಲ್ಲಿ 1953ರ ಜೂನಿನಲ್ಲಿ ಕೆಲವು ದಿನ ಬಸ್ ಬಹಿಷ್ಕಾರ ನಡೆದಿತ್ತು. ಕಾರು ಇದ್ದವರೆಲ್ಲ ಸೇರಿ ಜನರನ್ನು ಬಿಟ್ಟಿ ಸಾಗಿಸಿದ್ದರು. ಅದರ ಒಳ ಲೆಕ್ಕಾಚಾರವೆಲ್ಲ ಆ ಫೋನಿನಲ್ಲಿ ಸಿಕ್ಕಿತು.

ಮಾಂಟ್ಗೊಮರಿಯಲ್ಲಿ ಸುಮಾರು 300 ಕಾರು ಸೇರಿದವು. ಯಾವ ಬೀದಿಯಿಂದ ಎಷ್ಟು ಜನ, ಯಾವ ಕಡೆಗೆ ಹೋಗಬೇಕು ಅನ್ನುವುದು ಯಾರಿಗೆ ಗೊತ್ತು? ಪೋಸ್ಟ್‌ಮನ್‌ಗಳಿಗೆ. ಅಂಚೆ ಇಲಾಖೆಯಲ್ಲಿ ಕೆಲಸ ಮಾಡುತ್ತಿದ್ದ ಕಪ್ಪು ಜನ ಕೂತು ರೂಟು ಹಾಕಿಕೊಟ್ಟರು. ಬೆಳಿಗ್ಗೆ ಹತ್ತಿಸಿಕೊಳ್ಳಲು, ಸಂಜೆ ವಾಪಸು ಕರೆತರಲು ನಲವತ್ತಕ್ಕೂ ಜಾಸ್ತಿ ಸ್ಟಾಪುಗಳು. ಪೇಟೆಯ ನಡುವೆ ಒಂದು ಪಾರ್ಕಿಂಗ್ ಜಾಗವೇ ಬಸ್ ನಿಲ್ದಾಣ. ಬಿಳಿಯರ ಅಂಗಡಿಯಲ್ಲಿ ಹೊಲಿಗೆ ಕೆಲಸ ಕಳೆದುಕೊಂಡ ರೋಸಾ ಪಾರ್ಕ್ಸ್ ಕೂಡ ಕೆಲವು ಕಾಲ ಇದೇ ಕೆಲಸ ಮಾಡಿದರು. ಯಾರು ಯಾವ ಕಾರಿಗೆ ಹತ್ತಬೇಕು ಅಂತ ಕಳಿಸಿಕೊಡುವುದು. ಆಮೇಲೆ ಬೇರೆ ಊರುಗಳಿಂದ ದೇಣಿಗೆ ಬಂದಾಗ ದೊಡ್ಡ ಸ್ಟೇಷನ್ ವ್ಯಾಗನ್ನುಗಳನ್ನು ಕೊಂಡು ಚರ್ಚುಗಳ ಹೆಸರಿನಲ್ಲಿ ನೋಂದಾಯಿಸಿದರು. ಪಕ್ಕದಲ್ಲಿ ಚರ್ಚಿನ ಹೆಸರು. ಜನ ಅವನ್ನು ಉರುಳುವ ಚರ್ಚು ಅಂತ ಕರೆದರು. ವಿಮಾ ಕಂಪನಿಗಳು ಒಂದೊಂದಾಗಿ ಪಾಲಿಸಿ ರದ್ದು ಮಾಡಿದವು. ಕೊನೆಗೆ ಅಟ್ಲಾಂಟದ ಒಬ್ಬ ಕಪ್ಪು ಏಜೆಂಟರ ಮೂಲಕ ಲಂಡನ್ನಿನ ಲಾಯ್ಡ್ಸ್‌ನಿಂದ ವಿಮೆ ತಂದರು.

ಇನ್ನು ಬಿಳಿ ಗೃಹಿಣಿಯರ ಕತೆ. ಅಡುಗೆಯವಳು ಬರದಿದ್ದರೆ ಮನೆ ನಡೆಯುವುದಿಲ್ಲ. ಹಾಗಾಗಿ ಎಷ್ಟೋ ಜನ ತಾವೇ ಕಾರಿನಲ್ಲಿ ಹೋಗಿ ಕೆಲಸದವರನ್ನು ಕರೆತರುತ್ತಿದ್ದರು. ಹೀಗೆ ಮಾಡಿ ನೀವೇ ಬಹಿಷ್ಕಾರ ನಡೆಸುತ್ತಿದ್ದೀರಿ ಅಂತ ಮೇಯರ್ ಬೈದರು. ಹಾಗಾದರೆ ಮೇಯರ್ ಬಂದು ನಮ್ಮನೆ ಬಟ್ಟೆ ಒಗೆದು, ಮಕ್ಕಳನ್ನು ನೋಡಿಕೊಳ್ಳಲಿ ಅಂತ ಹೆಂಗಸರು ತಿರುಗಿ ಹೇಳಿದರು.

ಇಷ್ಟೆಲ್ಲ ಕಾರು ಓಡಬೇಕಾದರೆ ಪೆಟ್ರೋಲು ಬೇಕು, ಟೈರು ಬೇಕು, ರಿಪೇರಿ ಬೇಕು. ವಾರಕ್ಕೆ ಸಾವಿರಾರು ಡಾಲರ್ ಖರ್ಚು. ಜಾರ್ಜಿಯಾ ಗಿಲ್ಮೋರ್ ಬಗ್ಗೆ ಎರಡು ಮಾತು ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಈಕೆ ಶಾಲೆಯ ಪುಸ್ತಕಗಳಲ್ಲಿ ಸಿಗುವುದಿಲ್ಲ. ಒಂದು ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದವರು. ಗಟ್ಟಿ ದನಿ, ಗಟ್ಟಿ ಮಾತು. ದುಡ್ಡು ಹಾಕಿಸಿಕೊಂಡು ಬಸ್ಸು ಬಿಟ್ಟುಕೊಂಡು ಹೋದ ಡ್ರೈವರ್ ಒಬ್ಬನ ಕಾರಣಕ್ಕೆ, ಬಹಿಷ್ಕಾರಕ್ಕೂ ಮೊದಲೇ, ಅಕ್ಟೋಬರಿನಲ್ಲೇ ಬಸ್ಸು ಹತ್ತುವುದನ್ನು ಬಿಟ್ಟಿದ್ದರು. ಈಕೆ ನೆರೆಹೊರೆಯ ಹೆಂಗಸರನ್ನು ಸೇರಿಸಿ ಕರಿದ ಕೋಳಿ, ಸ್ಯಾಂಡ್‌ವಿಚ್, ಗೆಣಸಿನ ಪೈ, ಕೇಕ್ ಮಾಡಿ ಮಾರಲು ಶುರು ಮಾಡಿದರು. ಗುಂಪಿನ ಹೆಸರು ಕ್ಲಬ್ ಫ್ರಮ್ ನೋವೇರ್. ದುಡ್ಡು ಎಲ್ಲಿಂದ ಬಂತು ಅಂತ ಯಾರಾದರೂ ಕೇಳಿದರೆ, ಎಲ್ಲಿಂದಲೂ ಅಲ್ಲ. ಬಿಳಿಯರ ಮನೆಯಲ್ಲಿ ಕೆಲಸ ಮಾಡುವ ಹೆಂಗಸರು ಚಳವಳಿಗೆ ದುಡ್ಡು ಕೊಡುತ್ತಾರೆ ಅಂತ ಗೊತ್ತಾದರೆ ಕೆಲಸ ಹೋಗುತ್ತದೆ. ಕೇಕು ಕೊಂಡವರಲ್ಲಿ ಕೆಲವರು ಬಿಳಿಯರೂ ಇದ್ದರು, ಅವರ ಹೆಸರೂ ಹೊರಬರಬಾರದು. ಎಲ್ಲರ ಲೆಕ್ಕವೂ ಗಿಲ್ಮೋರ್ ಒಬ್ಬರ ತಲೆಯಲ್ಲಿ. ಚರ್ಚಿನ ಸಭೆಗೆ ಬಂದು ಆ ವಾರದ ಗಳಿಕೆಯನ್ನು ಎಲ್ಲರೆದುರು ಒಪ್ಪಿಸುತ್ತಿದ್ದರು, ಜನ ಎದ್ದು ನಿಂತು ಕೂಗುತ್ತಿದ್ದರು. ಊರಿನ ಇನ್ನೊಂದು ಬದಿಯ ಹೆಂಗಸರು ತಾವೂ ಒಂದು ಕ್ಲಬ್ ಮಾಡಿ ಪೈಪೋಟಿಗೆ ಇಳಿದರು. ಕಿಂಗ್ ಮೇಲಿನ ಕೇಸಿನಲ್ಲಿ ಸಾಕ್ಷಿ ಹೇಳಿದ್ದಕ್ಕೆ ಗಿಲ್ಮೋರ್ ಕೆಲಸ ಹೋಯಿತು. ಮನೆಯಲ್ಲೇ ಅಡುಗೆ ಮಾಡಿ ಮಾರು ಅಂತ ಕಿಂಗ್ ಧೈರ್ಯ ತುಂಬಿದರು. ಆ ಮನೆಯ ಊಟದ ಮೇಜು ಆಮೇಲೆ ಚಳವಳಿಯ ಎಷ್ಟೋ ಮಾತುಕತೆಗೆ ಜಾಗವಾಯಿತು.

ಊರಿನ ಆಡಳಿತ ಕೈಕಟ್ಟಿ ಕೂತಿರಲಿಲ್ಲ. 1956ರ ಜನವರಿಯಲ್ಲಿ, ಮೂವರು ಪಾದ್ರಿಗಳ ಜೊತೆ ರಾಜಿ ಆಗಿದೆ, ಬಹಿಷ್ಕಾರ ಮುಗಿಯಿತು ಅಂತ ಸುಳ್ಳು ಸುದ್ದಿ ಕೊಟ್ಟಿತು. ಭಾನುವಾರದ ಪತ್ರಿಕೆಯಲ್ಲಿ ಅದು ಬರುತ್ತದೆ ಅಂತ ಶನಿವಾರ ರಾತ್ರಿ ಗೊತ್ತಾಯಿತು. ಜನ ಸೇರಿರುವ ಜಾಗ ಯಾವುದು? ಶನಿವಾರ ರಾತ್ರಿ ಇನ್ನೆಲ್ಲಿ, ಬಾರುಗಳು! ಚಳವಳಿಯ ನಾಯಕರು ಒಂದೊಂದೇ ಬಾರಿಗೆ ಹೋಗಿ ಸುದ್ದಿ ಸುಳ್ಳು ಅಂತ ಹೇಳಿ ಬಂದರು. ಆಮೇಲೆ ಪೊಲೀಸರು ಕಾರು ಓಡಿಸುವವರನ್ನು ನಿಲ್ಲಿಸಿ ದಂಡ ಹಾಕಲು ಶುರು ಮಾಡಿದರು. ಗಂಟೆಗೆ 25 ಮೈಲಿ ಇರುವ ಕಡೆ 30ರಲ್ಲಿ ಓಡಿಸಿದರು ಅಂತ ಕಿಂಗ್‌ರನ್ನೇ ಬಂಧಿಸಿದರು. ಜನವರಿ 30ರ ರಾತ್ರಿ ಅವರ ಮನೆಗೆ ಬಾಂಬ್ ಬಿತ್ತು. ಒಳಗೆ ಹೆಂಡತಿ ಕೊರೆಟ್ಟಾ, ಎರಡೂವರೆ ತಿಂಗಳ ಮಗು. ಯಾರಿಗೂ ಏನೂ ಆಗಲಿಲ್ಲ. ಹೊರಗೆ ಸೇರಿದ ಜನರ ಕೈಯಲ್ಲಿ ಆಯುಧಗಳಿದ್ದವು. ಕಿಂಗ್ ಜಗುಲಿಯಲ್ಲಿ ನಿಂತು, ಮನೆಗೆ ಹೋಗಿ, ಹೊಡೆದಾಟ ಬೇಡ ಅಂದರು.

ಆದರೆ ಆಗ ಕಿಂಗ್ ಮನೆಗೆ ಕಾವಲಿದ್ದವರ ಹತ್ತಿರ ಬಂದೂಕಿತ್ತು. ಇದನ್ನು ಮುಚ್ಚಿಡುವುದು ಬೇಡ. ಅಹಿಂಸೆ ಅವರಿಗೆ ಹುಟ್ಟಿನಿಂದ ಬಂದ ಗುಣ ಅಲ್ಲ, ಕೆಲಸ ಮಾಡುತ್ತಾ ಮಾಡುತ್ತಾ ಕಲಿತಿದ್ದು. ಭಾರತಕ್ಕೆ ಬಂದು ಹೋಗಿದ್ದ ಬೇಯರ್ಡ್ ರಸ್ಟಿನ್, ಪಾದ್ರಿ ಗ್ಲೆನ್ ಸ್ಮೈಲಿ ಇಬ್ಬರೂ ಬಂದು ಕಿಂಗ್ ಜೊತೆ ಕೂತು ಗಾಂಧಿಯವರ ದಾರಿಯ ಬಗ್ಗೆ ಮಾತಾಡಿದರು. ಅದಕ್ಕೂ ಮೊದಲು, ಬಹಿಷ್ಕಾರ ಶುರುವಾದ ಒಂದು ವಾರಕ್ಕೇ, ಜೂಲಿಯೆಟ್ ಮಾರ್ಗನ್ ಅನ್ನುವ ಬಿಳಿಯ ಗ್ರಂಥಪಾಲಕಿ ಪತ್ರಿಕೆಗೆ ಪತ್ರ ಬರೆದು ಇದನ್ನು ದಂಡಿಯ ಉಪ್ಪಿನ ನಡಿಗೆಗೆ ಹೋಲಿಸಿದ್ದರು. ಆಕೆಗೆ ಅದರಿಂದ ಬಂದ ಕಾಟ ಅಷ್ಟಿಷ್ಟಲ್ಲ.

ಉಪ್ಪಿನ ಮಾತು ಬಂತಲ್ಲ, ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರನ್ನು ನೆನೆಯದೆ ಮುಂದೆ ಹೋಗಲಾರೆ. 1930ರಲ್ಲಿ ಹೆಂಗಸರನ್ನೂ ಉಪ್ಪಿನ ಸತ್ಯಾಗ್ರಹಕ್ಕೆ ಸೇರಿಸಿಕೊಳ್ಳಿ ಅಂತ ಗಾಂಧಿಯನ್ನು ಪಟ್ಟುಹಿಡಿದು ಕೇಳಿದವರು ಅವರು. 1941ರಲ್ಲಿ ಅಮೆರಿಕದ ಲೂಸಿಯಾನದಲ್ಲಿ ರೈಲಿನಲ್ಲಿ ಹೋಗುತ್ತಿದ್ದಾಗ, ಇದು ಬಿಳಿಯರ ಬೋಗಿ, ಏಳಿ ಅಂತ ಟಿಕೆಟ್ ಕಲೆಕ್ಟರ್ ಹೇಳಿದ. ಇವರು ಏಳಲಿಲ್ಲ. ಆತ ಹೋಗಿ ಮತ್ತೆ ಬಂದು ಯಾವ ದೇಶ ಅಂತ ಕೇಳಿದ. ಭಾರತದ ಗಣ್ಯೆ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನೂ ಬಣ್ಣದವಳೇ, ಕಾಣುತ್ತಿದೆಯಲ್ಲ, ಇಲ್ಲಿಂದ ಕದಲುವ ಯೋಚನೆ ನನಗಿಲ್ಲ ಅನ್ನುವ ಅರ್ಥದಲ್ಲಿ ಉತ್ತರ ಕೊಟ್ಟರು. ಆತ ಸುಮ್ಮನೆ ಹೋದ. ಪಾರ್ಕ್ಸ್‌ಗಿಂತ ಹದಿನಾಲ್ಕು ವರ್ಷ ಮೊದಲು. ವಿದೇಶಿ ಅನ್ನುವ ರಿಯಾಯಿತಿ ಕೈಗೆ ಸಿಗುವಂತಿದ್ದಾಗ ಅದನ್ನು ಬೇಡ ಅಂದಿದ್ದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಮಾಂಟ್ಗೊಮರಿಗೆ ವಾಪಸು ಹೋಗೋಣ. 1956ರ ಫೆಬ್ರವರಿಯಲ್ಲಿ, ಬಹಿಷ್ಕಾರ ಮಾಡುವುದೇ ಅಪರಾಧ ಅನ್ನುವ 1921ರ ಕಾನೂನಿನ ಕೆಳಗೆ ಎಂಬತ್ತಕ್ಕೂ ಹೆಚ್ಚು ಜನರ ಮೇಲೆ ಕೇಸು ಹಾಕಿದರು. ಪೊಲೀಸರು ಮನೆಗೆ ಬರುವವರೆಗೆ ಇವರು ಕಾಯಲಿಲ್ಲ. ಒಳ್ಳೆ ಬಟ್ಟೆ ಹಾಕಿಕೊಂಡು ತಾವೇ ಠಾಣೆಗೆ ಹೋದರು, ಮೊದಲು ನಿಕ್ಸನ್, ಆಮೇಲೆ ಉಳಿದವರು. ಪಟ್ಟಿಯಲ್ಲಿ ತಮ್ಮ ಹೆಸರಿಲ್ಲ ಅಂತ ಬೇಜಾರು ಮಾಡಿಕೊಂಡವರೂ ಇದ್ದರು. ಜೈಲು ಅಂದರೆ ನಡುಗುತ್ತಿದ್ದ ಜನ ಅವರು. ಹೆದರಿಸುವವರ ಕೈಯಲ್ಲಿದ್ದ ದೊಡ್ಡ ಅಸ್ತ್ರ ಆವತ್ತು ಕೆಲಸಕ್ಕೆ ಬಾರದಂತಾಯಿತು.

ಬಸ್ ಕಂಪನಿಯ ಯಜಮಾನರು ಷಿಕಾಗೋದವರು. ಅವರಿಗೆ ಬೇಕಿದ್ದುದು ದುಡ್ಡು. ಏಪ್ರಿಲ್‌ನಲ್ಲಿ, ನಾವು ಇನ್ನು ಜನರನ್ನು ಬೇರೆ ಬೇರೆ ಕೂರಿಸುವುದಿಲ್ಲ ಅಂತ ಹೇಳಿಯೂಬಿಟ್ಟರು. ಹಾಗೆ ಮಾಡಿದರೆ ಡ್ರೈವರುಗಳನ್ನು ಬಂಧಿಸುತ್ತೇವೆ ಅಂದರು ಮೇಯರ್. ಹೀಗಾಗಿ ಬಹಿಷ್ಕಾರ ಒಂದರಿಂದಲೇ ಕೆಲಸ ಆಗಲಿಲ್ಲ. ಕೊನೆಗೆ ಕಾನೂನು ಮುರಿದದ್ದು ಕೋರ್ಟಿನಲ್ಲಿ. ವಕೀಲ ಫ್ರೆಡ್ ಗ್ರೇ ಫೆಬ್ರವರಿ 1ರಂದು ಫೆಡರಲ್ ಕೋರ್ಟಿನಲ್ಲಿ ಕೇಸು ಹಾಕಿದ್ದರು. ಅದರಲ್ಲಿ ರೋಸಾ ಪಾರ್ಕ್ಸ್ ಇಲ್ಲ. ಆಕೆಯ ಕೇಸು ರಾಜ್ಯದ ಕೋರ್ಟುಗಳಲ್ಲಿ ಸಿಕ್ಕಿಕೊಂಡಿತ್ತು. ಕೊನೆಯವರೆಗೆ ನಿಂತವರು ನಾಲ್ಕು ಹೆಂಗಸರು: ಆರೀಲಿಯಾ ಬ್ರೌಡರ್, ಸೂಸಿ ಮೆಕ್‌ಡೊನಾಲ್ಡ್, ಮೇರಿ ಲೂಯಿಸ್ ಸ್ಮಿತ್, ಕ್ಲಾಡೆಟ್ ಕಾಲ್ವಿನ್. ಜೂನ್ 5ರಂದು ಮೂವರು ನ್ಯಾಯಾಧೀಶರಲ್ಲಿ ಇಬ್ಬರು ಇವರ ಪರ ತೀರ್ಪು ಕೊಟ್ಟರು. ಮೇಲ್ಮನವಿ ಸುಪ್ರೀಂ ಕೋರ್ಟಿಗೆ ಹೋಯಿತು.

ನವೆಂಬರ್ 13. ಕಾರುಗಳ ವ್ಯವಸ್ಥೆಯನ್ನೇ ನಿಲ್ಲಿಸಬೇಕು ಅಂತ ಆಡಳಿತ ತಡೆಯಾಜ್ಞೆ ಕೇಳಿತ್ತು. ಕಿಂಗ್ ಅಲ್ಲಿನ ಕೋರ್ಟಿನಲ್ಲಿ ಸೋಲು ಖಾತ್ರಿ ಅಂತ ಕೂತಿದ್ದರು. ನಡುವೆ ಸುದ್ದಿ ಬಂತು, ಸುಪ್ರೀಂ ಕೋರ್ಟು ಜೂನಿನ ತೀರ್ಪನ್ನು ಎತ್ತಿಹಿಡಿದಿದೆ. ಅದೇ ದಿನ ತಡೆಯಾಜ್ಞೆಯೂ ಸಿಕ್ಕಿತು! ಗೆದ್ದಾಯಿತು, ಆದರೆ ಆದೇಶದ ಕಾಗದ ಊರಿಗೆ ಬರುವವರೆಗೆ ಬಸ್ಸು ಹತ್ತುವಂತಿಲ್ಲ, ಕಾರುಗಳೂ ಇಲ್ಲ. ಒಂದು ತಿಂಗಳಿಗಿಂತ ಜಾಸ್ತಿ, ಚಳಿಗಾಲದಲ್ಲಿ, ಜನ ನಡೆದರು. ಪಕ್ಕದ ಮನೆಯವರು ಸೇರಿ ಹೇಗೋ ಒಬ್ಬರನ್ನೊಬ್ಬರು ಸಾಗಿಸಿಕೊಂಡರು. ಆ ದಿನಗಳಲ್ಲಿ ಚರ್ಚುಗಳಲ್ಲಿ ಕುರ್ಚಿಗಳನ್ನು ಬಸ್ಸಿನ ಸೀಟಿನ ಹಾಗೆ ಜೋಡಿಸಿ ಅಭ್ಯಾಸ ಮಾಡಿದರು. ಒಬ್ಬ ಡ್ರೈವರ್, ಕೆಲವರು ಬಿಳಿಯರ ಪಾತ್ರ. ಬೈದರೆ ಏನು ಮಾಡಬೇಕು, ಹೊಡೆದರೆ ಏನು ಮಾಡಬೇಕು, ಎಲ್ಲ ನಾಟಕ ಆಡಿ ಕಲಿತರು. ಡಿಸೆಂಬರ್ 20ರಂದು ಆದೇಶ ಬಂತು. ಮರುದಿನ ಬೆಳಿಗ್ಗೆ ಬಸ್ಸು ಹತ್ತಿದರು.

ಆಮೇಲೆ ಎಲ್ಲ ಸುಖವಾಗಲಿಲ್ಲ. ಬಸ್ಸುಗಳ ಮೇಲೆ ಗುಂಡು ಹಾರಿದವು, ಒಬ್ಬ ಗರ್ಭಿಣಿಯ ಕಾಲುಗಳಿಗೆ ಬಿದ್ದವು. 1957ರ ಜನವರಿಯಲ್ಲಿ ನಾಲ್ಕು ಚರ್ಚುಗಳಿಗೆ ಬಾಂಬ್ ಹಾಕಿದರು. ರೋಸಾ ಪಾರ್ಕ್ಸ್ ದಂಪತಿಗೆ ಆ ಊರಿನಲ್ಲಿ ಕೆಲಸ ಸಿಗದೆ ಡೆಟ್ರಾಯಿಟ್‌ಗೆ ಹೋದರು. ಜೋ ಆನ್ ರಾಬಿನ್ಸನ್ 1960ರಲ್ಲಿ ಕಾಲೇಜು ಬಿಟ್ಟರು.

ಮಾತು ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಕೇಳಿದರು: ಕ್ಲಾಡೆಟ್ ಕಾಲ್ವಿನ್ ಮೊದಲೇ ಕೂತಿದ್ದರಲ್ಲ, ಆಕೆಯನ್ನು ಮುಂದಿಟ್ಟು ಚಳವಳಿ ಯಾಕೆ ಮಾಡಲಿಲ್ಲ ಸರ್? ಒಳ್ಳೆಯ ಪ್ರಶ್ನೆ, ಉತ್ತರ ಅಷ್ಟು ಒಳ್ಳೆಯದಲ್ಲ. ವಯಸ್ಸು ಚಿಕ್ಕದು, ಬಡವರ ಮನೆ, ಮೈಬಣ್ಣ ಜಾಸ್ತಿ ಕಪ್ಪು, ಸ್ವಲ್ಪ ದಿನದಲ್ಲೇ ಮದುವೆಯಿಲ್ಲದೆ ಬಸುರಿ. ಪತ್ರಿಕೆಗಳು ಇದನ್ನೇ ಹಿಡಿದು ಎಳೆದಾಡುತ್ತವೆ ಅಂತ ನಾಯಕರಿಗೆ ಭಯ. ಆ ಲೆಕ್ಕಾಚಾರ ನನಗೆ ಅರ್ಥವಾಗುತ್ತದೆ, ಇಷ್ಟವಾಗುವುದಿಲ್ಲ. ಆದರೂ 1956ರ ಮೇ ತಿಂಗಳಲ್ಲಿ ಫೆಡರಲ್ ಕೋರ್ಟಿನ ಕಟಕಟೆ ಹತ್ತಿದ್ದು ಅದೇ ಹುಡುಗಿ. ನಾಯಕರು ಹೇಳಿಕೊಟ್ಟರು ಅಂತ ಬಾಯಿ ಬಿಡಿಸಲು ಊರಿನ ವಕೀಲ ನೋಡಿದ. ಬಸ್ಸು ಯಾಕೆ ಬಿಟ್ಟೆ ಅಂದಾಗ, ನಮ್ಮನ್ನು ಕೆಟ್ಟದಾಗಿ, ಹೊಲಸಾಗಿ ನಡೆಸಿಕೊಂಡರು, ಅದಕ್ಕೆ ಅಂದಳು. ಆಮೇಲೆ ಆಕೆ ನ್ಯೂಯಾರ್ಕ್‌ಗೆ ಹೋಗಿ ವೃದ್ಧರನ್ನು ನೋಡಿಕೊಳ್ಳುವ ಕೆಲಸ ಮಾಡಿದರು. 1955ರ ಆ ಬಂಧನದ ದಾಖಲೆಯನ್ನು ಮಾಂಟ್ಗೊಮರಿಯ ಕೋರ್ಟು ಅಳಿಸಿ ಹಾಕಿದ್ದು 2021ರಲ್ಲಿ. ಆಗ ಆಕೆಗೆ 82 ವರ್ಷ.